ಅರವತ್ತೆರಡನೇ ನಂಬರಿನ ಹೂವು

ನಮ್ಮ ಚಿಕ್ಕಮ್ಮನಿಗೆ ನೀಲಿ ಅನ್ನುವ ಬಣ್ಣ ಗೊತ್ತೇ ಇಲ್ಲ. ನಗಬೇಡಿ, ನಿಜ ಹೇಳುತ್ತಿದ್ದೇನೆ. ಮೂವತ್ತು ವರ್ಷದಿಂದ ಬಟ್ಟೆ ಹೊಲಿಯುವ ಹೆಂಗಸು ಅವಳು. ಅವಳಿಗೆ ಗೊತ್ತಿರುವುದು ಐವತ್ತೆಂಟು, ಅರವತ್ತೊಂದು, ಅರವತ್ತೆರಡು. ಯಾರಾದರೂ "ನೀಲಿ ದಾರ ಹಾಕಿ" ಎಂದರೆ ಸಾಕು, "ಯಾವ ನೀಲಿ?" ಎಂದು ಕೇಳಿ ಬಾಯಿ ಕಟ್ಟಿಹಾಕುತ್ತಾಳೆ. ಆಮೇಲೆ ಬಟ್ಟೆಯನ್ನೂ, ನಂಬರು ಹಾಕಿ ದಾರದ ತುಂಡುಗಳನ್ನು ಅಂಟಿಸಿದ ಕಂಪನಿಯ ಕಾರ್ಡನ್ನೂ ಹಿಡಿದು ಅಂಗಡಿಯ ಹೊಸ್ತಿಲಿಗೆ ಬರುತ್ತಾಳೆ. ಟ್ಯೂಬ್‌ಲೈಟಿನ ಬೆಳಕಲ್ಲಿ ಬಣ್ಣ ಹೊಂದಿಸುವವರು ಅವಳ ಲೆಕ್ಕದಲ್ಲಿ ಟೈಲರುಗಳೇ ಅಲ್ಲ.

ಅಂಗಡಿ ಎಂದರೆ ಎರಡು ಮಷೀನು, ಒಂದು ಕತ್ತರಿಸುವ ಮೇಜು, ಗೋಡೆಗೆ ಒರಗಿಸಿಟ್ಟ ಸ್ಕೂಲ್ ಯೂನಿಫಾರಮ್ಮಿನ ರಾಶಿ. ವಾರಕ್ಕೊಂದು ರಜೆ. ಆ ಒಂದು ರಜೆಯ ದಿನ ಕಾಲು ಚಾಚಿ ಮಲಗಬಾರದೇ? ಊಹೂಂ. ಬೆಟ್ಟಕ್ಕೆ ಹೊರಟುಬಿಡುತ್ತಾಳೆ, ಕಾಡುಹೂವು ನೋಡಲು. ಜೊತೆಗೆ ನನ್ನನ್ನೂ ಎಳೆಯುತ್ತಾಳೆ. ನಾನು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವವಳು. ವಾರವಿಡೀ ಜನರ ನರಳಾಟ ಕೇಳಿ ತಲೆ ಚಿಟ್ಟು ಹಿಡಿದಿರುತ್ತದೆ. ಬೈದುಕೊಂಡೇ ಹೋಗುತ್ತೇನೆ.

ಅವಳು ಹೂವು ಕೀಳುವುದಿಲ್ಲ. ಮೊಬೈಲಿನಲ್ಲಿ ಫೋಟೋ ತೆಗಿ ಎಂದರೆ, "ಅದು ಬಣ್ಣದ ವಿಷಯದಲ್ಲಿ ಭಾರಿ ಸುಳ್ಳುಬುರುಕ" ಎನ್ನುತ್ತಾಳೆ. ಅಳತೆ ಬರೆದುಕೊಳ್ಳುವ ಹಳೇ ಪುಸ್ತಕವೊಂದಿದೆ, ಅದರಲ್ಲಿ ಹೂವಿನ ಅಳತೆ ಬರೆಯುತ್ತಾಳೆ. ಎತ್ತರ ಒಂದು ಗೇಣು. ಎಸಳು ಐದು. ಕಾಂಡ ಫ್ಲಾನೆಲ್. ಫ್ಲಾನೆಲ್ ಎಂದರೆ ರೋಮ ಇದೆ ಎಂದರ್ಥ, ನುಣುಪಾಗಿದ್ದರೆ ಸ್ಯಾಟಿನ್. ಕೊನೆಗೆ, ಬೆಟ್ಟಕ್ಕೆಂದೇ ಕೊರಳಲ್ಲಿ ನೇತುಹಾಕಿಕೊಳ್ಳುವ ಇನ್ನೊಂದು ದಾರದ ಕಾರ್ಡನ್ನು ಹೂವಿನ ಪಕ್ಕ ಹಿಡಿದು ಬಣ್ಣದ ನಂಬರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವ ಮೇಷ್ಟ್ರು ಒಮ್ಮೆ ಪ್ಯಾಂಟು ಕೊಡಲು ಬಂದವರು ಈ ಪುಸ್ತಕ ನೋಡಿ, ಪ್ಯಾಂಟು ಮರೆತು ಎರಡು ಗಂಟೆ ಅಲ್ಲೇ ಕೂತರು.

ಈಗ ಅರವತ್ತೆರಡರ ಕಥೆಗೆ ಬರುತ್ತೇನೆ. ಏಳು ವರ್ಷದ ಹಿಂದೆ ಚಿಕ್ಕಮ್ಮ ಒಬ್ಬಳೇ ಬೆಟ್ಟಕ್ಕೆ ಹೋಗಿದ್ದಾಗ, ನೆತ್ತಿಯ ಹತ್ತಿರದ ಬಂಡೆ ಬಿರುಕಿನಲ್ಲಿ ಮೂರೆಸಳಿನ ಒಂದು ಹೂವು ಕಂಡಳು. ಕೆಳಗಡೆ ಕಾಲರಿನ ಹಾಗೆ ಮಡಿಚಿದ ಎಲೆ. ಅಷ್ಟರಲ್ಲಿ ಮಳೆ ಬಂತು. ನಂಬರು ಬರೆದುಕೊಳ್ಳುವಷ್ಟೇ ಹೊತ್ತು ಸಿಕ್ಕಿತು. ಮನೆಗೆ ಬಂದವಳು ಕುಣಿಯುವುದೊಂದು ಬಾಕಿ. ಅವತ್ತೇ ನನ್ನ ಕಂದು ಕೋಟಿನ ಕೆಳಗಿನ ಮಡಿಕೆಯನ್ನು, ರೀಲಿನಲ್ಲಿ ಉಳಿದಿದ್ದ ಅಷ್ಟೂ ಅರವತ್ತೆರಡನೇ ದಾರದಿಂದ ಹೊಲಿದುಬಿಟ್ಟಳು.

"ಕಂದು ಕೋಟಿಗೆ ನೀಲಿ ದಾರನಾ? ತಲೆ ಸರಿ ಇದೆಯಾ ನಿಂಗೆ?" ಎಂದೆ.

"ಮಡಿಕೆ ಒಳಗೆ ಯಾರೇ ನೋಡ್ತಾರೆ? ನನ್ನ ಖುಷಿಗೆ ಹೊಲ್ದಿದೀನಿ, ಸುಮ್ನೆ ಹಾಕ್ಕೋ."

ಏಳು ವರ್ಷ ಆ ಸಿಟ್ಟನ್ನೂ ಆ ಕೋಟನ್ನೂ ಬಿಟ್ಟಿಲ್ಲ ನಾನು. ಕಂಪನಿಯವರು ಆ ಬಣ್ಣದ ದಾರ ಮಾಡುವುದನ್ನು ಮುಂದಿನ ವರ್ಷವೇ ನಿಲ್ಲಿಸಿದರು.

ಹೂವು ಮಾತ್ರ ಮತ್ತೆ ಸಿಗಲಿಲ್ಲ. ಇಲ್ಲದ ಹೂವು ಎಂದು ಆಡಿಕೊಂಡು ಚಿಕ್ಕಪ್ಪ ಅದಕ್ಕೆ "ಗಾಳಿಹೂವು" ಎಂದು ಹೆಸರಿಟ್ಟರು. ಈ ವರ್ಷ ಮೇಷ್ಟ್ರು ನಮ್ಮ ಬೆಟ್ಟದ ಹೂವುಗಳ ಪುಸ್ತಕ ಮಾಡಲು ಹೊರಟಾಗ ಪೇಚಾಟಕ್ಕಿಟ್ಟುಕೊಂಡಿತು. ಅಂಗಡಿಗೆ ಬಂದು ಅವಳ ಬೆಟ್ಟದ ಕಾರ್ಡು ನೋಡಿದರು, ಅರವತ್ತೆರಡರ ಮೇಲೆ ಬೆರಳಿಟ್ಟರು.

"ಟೈಲರಮ್ಮ, ಇಷ್ಟು ತೆಳು ನೀಲಿ ಹೂವು ಹುಲ್ಲುಗಾವಲಿನ ತುಂಬ ಇದೆಯಲ್ಲ. ನೀವು ಕಂಡಿದ್ದೂ ಅದೇ ಇರ್ಬೇಕು."

"ಅಲ್ಲ ಮೇಷ್ಟ್ರೇ, ಅದು ಬೇರೆ."

"ಮೂರು ಬೇರೆ ಬೇರೆ ವರ್ಷ ಕಂಡಿದ್ದನ್ನು ಮಾತ್ರ ಸೇರಿಸೋದು ಅಂತ ನಿಯಮ. ನಿಮ್ಮದು ಒಂದೇ ಸಲ. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗುತ್ತೆ. ಈ ರಜೆಗೆ ಸಿಕ್ಕಿದ್ರೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಾದ್ರೂ ಹಾಕ್ತೀನಿ. ಇಲ್ದಿದ್ರೆ ಬಿಡ್ಬೇಕಾಗುತ್ತೆ."

ಚಿಕ್ಕಮ್ಮ ಕಾರ್ಡು ಎತ್ತಿಟ್ಟು ಮಷೀನಿನ ಮುಂದೆ ಕೂತಳು. ಸುಳ್ಳು ಅಳತೆ ಬರೆದವಳು ಎಂದು ಅನ್ನಿಸಿಕೊಳ್ಳಬೇಕೇ, ಈ ವಯಸ್ಸಿನಲ್ಲಿ?

ರಜೆಯ ದಿನ ಮೇಷ್ಟ್ರೂ ಸೇರಿ ಮೂವರು ಹೊರಟೆವು. ಕಾಡಿನೊಳಗೇ ಸಡಗರ ಶುರುವಾಯಿತು. ಮರದ ಬೇರಿನ ಸಂದಿಯಲ್ಲಿ ಎಲೆಯೇ ಇಲ್ಲದ ಬಿಳಿ ಹೂವು, ಮೇಷ್ಟ್ರು ಹೊಟ್ಟೆಯ ಮೇಲೆ ಮಲಗಿಬಿಟ್ಟರು! ಹುಲ್ಲುಗಾವಲಿಗೆ ಬಂದರೆ ಅಂಗಿ ಗುಂಡಿಯಷ್ಟೇ ಅಗಲದ ಹಳದಿ ಹೂವು ಸಾವಿರಗಟ್ಟಲೆ, ಕಾಲಿಡಲು ಜಾಗವಿಲ್ಲ. ಒದ್ದೆ ಮಣ್ಣಿನಲ್ಲಿ ಅಂಟುಹನಿ ಹೊತ್ತ ಕೆಂಪು ಪುಟ್ಟ ಗಿಡ, ಕಣ್ಣೆದುರೇ ಒಂದು ನುಸಿಯನ್ನು ಹಿಡಿದುಕೊಂಡಿತು. "ಅಯ್ಯೋ, ನೋಡೇ, ನೋಡೇ!" ಎಂದು ಚಿಕ್ಕಮ್ಮ ನನ್ನ ತೋಳು ಜಗ್ಗಿದ ರಭಸಕ್ಕೆ ನಾನೂ ಆ ಗಿಡದ ಮೇಲೆ ಬೀಳಬೇಕಿತ್ತು. ಬೈಯಲು ಬಾಯಿ ತೆರೆದವಳು ನಾನೇ ಕೂತು ನೋಡತೊಡಗಿದೆ.

ಬೇರೆ ದಿನ ಹುಲ್ಲುಗಾವಲಿನಲ್ಲೇ ಕೂತುಬಿಡುವವಳು, ಅವತ್ತು ನೆತ್ತಿಯ ಬಂಡೆಗೆ ಮೊದಲು ಹತ್ತಿದ್ದು ನಾನು. ಬಿರುಕಿನಲ್ಲಿ ಒಂದು ಹೂವಿತ್ತು. ಮೂರೆಸಳು. ಕಾಲರ್ ಎಲೆ. ಗಾಢ ನೀಲಿ, ಕಣ್ಣಿಗೆ ಹೊಡೆಯುವಂಥದ್ದು.

"ಚಿಕ್ಕಮ್ಮಾ! ಸಿಕ್ತು! ಬೇಗ ಬಾ!"

ಏದುಸಿರು ಬಿಡುತ್ತ ಬಂದಳು, ಮಂಡಿಯೂರಿದಳು, ಕಾಂಡ ಸವರಿದಳು, ಕಾರ್ಡು ಹಿಡಿದಳು. ಅವಳು ನಿಧಾನವಾಗಿ ತಲೆ ಅಲ್ಲಾಡಿಸಿದಳು.

"ಇದಲ್ಲ ಕಣೇ. ಅರವತ್ತೆರಡಕ್ಕೆ ಹೊಂದಲ್ಲ. ಯಾವ ನಂಬರಿಗೂ ಹೊಂದಲ್ಲ."

ನನ್ನ ಪಿತ್ತ ನೆತ್ತಿಗೇರಿತು. "ಆಕಾರ ಅದೇ, ಜಾಗ ಅದೇ! ಹೌದು ಅಂದ್ಬಿಡು, ನಿನ್ನ ಗಂಟೇನು ಹೋಗುತ್ತೆ?"

"ಹೊಂದದ ದಾರನ ಹೊಂದತ್ತೆ ಅಂತ ಹೇಳಿ ನಾನು ಯಾವತ್ತಾದ್ರೂ ಹೊಲ್ದಿದೀನಾ?" ಎಂದವಳ ಕಣ್ಣಲ್ಲಿ ನೀರು ತುಂಬಿತ್ತು. ಮೇಷ್ಟ್ರು ಬೇರೆಡೆ ನೋಡುತ್ತ ನಿಂತರು.

ಸಿಟ್ಟಿನಲ್ಲಿ ಕೋಟು ಬಿಚ್ಚಿ ಬಂಡೆಯ ಮೇಲೆ ಎಸೆದೆ. ಬಿಸಿಲು ಸುಡುತ್ತಿತ್ತು. ಏಳು ವರ್ಷದಿಂದ ಇದೇ ಬಿಸಿಲು, ಅವಳ ಕೊರಳಲ್ಲಿ ಇದೇ ಕಾರ್ಡು. ಅಂಗಡಿಗೆ ಬಂದವರಿಗೆಲ್ಲ "ಬಟ್ಟೆ ನೆರಳಲ್ಲಿ ಒಣಗಿಸಿ, ಬಣ್ಣ ಹೋಗುತ್ತೆ" ಎಂದು ಬುದ್ಧಿ ಹೇಳುವವಳು ಇವಳೇ ಅಲ್ಲವೇ! ನನಗೆ ತಲೆಯೊಳಗೆ ಫಕ್ಕನೆ ದೀಪ ಹತ್ತಿತು.

"ಕತ್ತರಿ ಕೊಡು!" ಎಂದೆ. ಅವಳು ಸಣ್ಣ ಕತ್ತರಿಯಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟವಳಲ್ಲ. ಕೋಟಿನ ಮಡಿಕೆ ಬಿಚ್ಚಿದೆ. ಏಳು ವರ್ಷ ಬೆಳಕು ಕಾಣದ ದಾರ ಹೊರಗೆ ಬಂತು. ಗಾಢ ನೀಲಿ. ಅದನ್ನು ಹೂವಿನ ಎಸಳಿನ ಮೇಲಿಟ್ಟೆ. ಎಸಳು ಎಲ್ಲಿ, ದಾರ ಎಲ್ಲಿ ಎಂದು ಹುಡುಕಬೇಕಾಯಿತು.

ಚಿಕ್ಕಮ್ಮ ದಾರವನ್ನು ನೋಡಿದಳು, ಕಾರ್ಡನ್ನು ನೋಡಿದಳು. ಹಣೆ ಚಚ್ಚಿಕೊಂಡಳು. "ಥೂ ನನ್ನ! ಬಣ್ಣ ಹೋಗಿದ್ದು ಕಾರ್ಡಿಂದು!" ಎಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ. ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಮೇಷ್ಟ್ರು ಭೂತಗನ್ನಡಿ ಹಿಡಿದು ಕಾಂಡ ನೋಡಿದರು. "ಒಂದು ರೋಮವೂ ಇಲ್ಲ! ಹುಲ್ಲುಗಾವಲಿನ ತೆಳು ನೀಲಿ ಹೂವಿಗೆ ಕಾಂಡದ ತುಂಬ ರೋಮ. ಇದು ಬೇರೆಯೇ ಜಾತಿ, ಟೈಲರಮ್ಮ. ಆದ್ರೆ..." ಎಂದು ತಡವರಿಸಿದರು. "ಇವತ್ತಿಂದು ಸೇರಿ ಎರಡೇ ವರ್ಷ ಆಯ್ತಲ್ಲ. ಸಣ್ಣ ಅಕ್ಷರದಲ್ಲೇ ಹಾಕ್ಬೇಕು."

ಚಿಕ್ಕಮ್ಮನ ನಗು ನಿಂತಿತು. ಅವಸರದಲ್ಲಿ ಅಳತೆ ಪುಸ್ತಕದ ಹಾಳೆ ಮಗುಚಿದಳು. ಒಂದು ಪುಟ, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಐದು ವರ್ಷದ ಹಿಂದೆ, ಮೂರು ವರ್ಷದ ಹಿಂದೆ, ಹೋದ ವರ್ಷ. ಮೂರರಲ್ಲೂ ತಾರೀಖು, ಇದೇ ಬಂಡೆ, ಎಸಳು ಮೂರು, ಕಾಂಡ ಸ್ಯಾಟಿನ್, ನಂಬರು ಸಿಗದ್ದಕ್ಕೆ ಬರೀ ಗಾಢ ನೀಲಿ. ಕೆಳಗೆ ಅವಳದೇ ಅಕ್ಷರದಲ್ಲಿ ಮೂರು ಸಲ ಬರೆದಿತ್ತು: "ಇದಲ್ಲ."

ಮೇಷ್ಟ್ರು ಒಂದೊಂದಾಗಿ ಓದಿ, ಬೆರಳು ಮಡಿಚಿ ಎಣಿಸಿದರು. "ಐದು ವರ್ಷ!" ಎಂದು ಕೂಗಿದರು. "ಸಣ್ಣ ಅಕ್ಷರ ಯಾಕೆ ಬೇಕು, ಪೂರಾ ಒಂದು ಪುಟ ಕೊಡ್ತೀನಿ!"

ಚಿಕ್ಕಮ್ಮ ಅವರ ಮಾತು ಕೇಳಿಸಿಕೊಂಡಳೋ ಇಲ್ಲವೋ. ಬಿರುಕಿನ ಹತ್ತಿರ ಬಗ್ಗಿ, ಹೂವಿಗೇ ಹೇಳಿದಳು: "ಮೂರು ಸಲ ನಿನ್ನ ಮುಖ ನೋಡಿ ನೀನಲ್ಲ ಅಂದ್ಬಿಟ್ಟೆನಲ್ಲೇ. ಬೇಜಾರು ಮಾಡ್ಕೋಬೇಡ."

ನಾನು ಮಡಿಕೆ ಬಿಚ್ಚಿದ ಕೋಟು ಹಾಕಿಕೊಂಡೇ ಬೆಟ್ಟ ಇಳಿದೆ. ಮಾರನೇ ದಿನ ಅವಳು ಅದನ್ನು ಕಂದು ದಾರದಿಂದ ಹೊಲಿಯಲು ಕೈಗೆತ್ತಿಕೊಂಡಾಗ, ಬೇಡ ಎಂದು ಕಿತ್ತುಕೊಂಡೆ.