ಕಸ್ತೂರಕ್ಕನ ಸೊಕ್ಕು

ಕಸ್ತೂರಕ್ಕ ಮಲಗಿದ್ದಾಗಲೂ ಜಗಳಕ್ಕೆ ನಿಂತವಳ ಹಾಗೆ ಕಾಣುತ್ತಿದ್ದಳು. ಎಡಗೈಗೆ ಸೂಜಿ, ತಲೆಯ ಮೇಲೆ ತೂಗುವ ಕಂದು ಔಷಧಿಯ ಬಾಟಲಿ, ಬಲಗೈ ಮಾತ್ರ ಸೊಂಟದ ಮೇಲೆ. ವಿದ್ಯಾಗಿರಿಯ ಆ ದವಾಖಾನೆಯಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ಎದುರಿನ ಪೇಶಂಟನ್ನು ನೋಡಲು ಬಂದ ಹೆಂಗಸೊಬ್ಬಳು, ರಕ್ತ ಏರಿಸುತ್ತಿದ್ದಾರಾ ಎಂದು ಮರುಕದಿಂದ ಕೇಳಿದಳು.

"ರಕ್ತ ಅಲ್ಲ ಯವ್ವಾ, ಕಬ್ಬಿಣ," ಅಂದಳು ಕಸ್ತೂರಕ್ಕ. "ಮಂದಿ ಮಾತು ಕೇಳಿ ಕೇಳಿ ಮೈಯಾಗಿನ ಕಬ್ಬಿಣ ಎಲ್ಲಾ ಸವದು ಹೋಗೇತಿ."

ನಾನು ಹುನಗುಂದದಲ್ಲಿ ಹೈಸ್ಕೂಲು ಟೀಚರು, ಮಂದಿಯ ಬಾಯಲ್ಲಿ ಅಕ್ಕೋರು. ತೂಕ ಇಳಿಸುವ ಆಪರೇಷನ್ ನನಗೂ ಆಗಿತ್ತು, ಅವಳಿಗೂ ಆಗಿತ್ತು. ಹೊಟ್ಟೆಯನ್ನು ಸಣ್ಣದು ಮಾಡಿ, ಕರುಳಿನ ಮೇಲುಭಾಗ ಬಿಟ್ಟು ಕೆಳಗೆ ಜೋಡಿಸಿದ್ದರಿಂದ ತಿಂದದ್ದರಲ್ಲಿನ ಕಬ್ಬಿಣ ನಮ್ಮ ಮೈಗೆ ಹತ್ತುತ್ತಿರಲಿಲ್ಲ. ಗುಳಿಗೆಯೂ ಸಾಲುವುದಿಲ್ಲ, ಆಗಾಗ ಬಂದು ನರದಿಂದಲೇ ಏರಿಸಿಕೊಳ್ಳಬೇಕು ಎಂದು ಡಾಕ್ಟರು ಇಬ್ಬರಿಗೂ ಹೇಳಿದ್ದರು. ಅವಳು ಇಳಕಲ್ಲಿನವಳು. ಗಂಡ ತೀರಿಕೊಂಡ ಮೇಲೆ ಮೈದುನನ ಸೀರೆ ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದಳು. ಅಲ್ಲಿ ಸೀರೆಯ ಮೈಯನ್ನೂ ಸೆರಗನ್ನೂ ಎಳೆಗೆ ಎಳೆ ಸಿಕ್ಕಿಸಿ ಜೋಡಿಸುವುದಕ್ಕೆ ಕೊಂಡಿ ಎನ್ನುತ್ತಾರೆ. "ನಮಗೂ ಕೊಂಡಿ ಹಾಕ್ಯಾರ್ರಿ ಅಕ್ಕೋರ, ನಡುವಿನ ಒಂದು ಮಳ ಬಿಟ್ಟು ಹಾಕ್ಯಾರ, ಅಷ್ಟ," ಎಂದು ಇಡೀ ಆಪರೇಷನ್ನನ್ನು ಒಂದೇ ಮಾತಿನಲ್ಲಿ ಮುಗಿಸಿದಳು.

ನಮ್ಮ ಕಡೆ ಮೈ ತುಂಬಿಕೊಂಡ ಹೆಂಗಸಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ. ಕೊಬ್ಬಿಗೂ ಅಹಂಕಾರಕ್ಕೂ ಒಂದೇ ಶಬ್ದ. ದಪ್ಪಗಿದ್ದು ಎದುರು ಮಾತನ್ನೂ ಆಡಿದರಂತೂ ಕೇಳುವುದೇ ಬೇಡ. ಈ ಶಬ್ದವನ್ನು ಹೀಗೆ ಮೊದಲು ಬಳಸಿದ ಪುಣ್ಯಾತ್ಮ ಯಾರೋ, ಕೈಗೆ ಸಿಕ್ಕರೆ ನಾನೇ ವಿಚಾರಿಸಿಕೊಳ್ಳುತ್ತೇನೆ. ಕಸ್ತೂರಕ್ಕನ ಮೈ ಇಳಿದಾಗ ಓಣಿಯ ಹೆಂಗಸರು ಸೊಕ್ಕು ಇಳಿಯಿತು ನೋಡು ಎಂದು ಮಾತಾಡಿಕೊಂಡರಂತೆ. ಅವಳು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳಂತೆ: "ಇಳದದ್ದು ಮೈಯಾಗಿನ ಕೊಬ್ಬು. ಸೊಕ್ಕು ನನ್ನ ನಾಲಿಗ್ಯಾಗ ಐತಿ. ಅದಕ್ಕ ಯಾವ ಡಾಕ್ಟರೂ ಇನ್ನೂ ಕತ್ತರಿ ಹಾಕಿಲ್ಲ."

ಆ ನಾಲಿಗೆ ನನ್ನನ್ನೂ ಬಿಡಲಿಲ್ಲ. ಮೈಯಲ್ಲಿ ಕಬ್ಬಿಣ ಕಮ್ಮಿಯಾಗಿದೆ ಎಂದು ನಾನು ಮನೆಯಲ್ಲಿ ಹೇಳಿದ ದಿನ ನಮ್ಮ ಅತ್ತೆ ಬಾಣಂತಿಯರಿಗೆ ಮಾಡುವ ಹಾಗೆ ನನ್ನ ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟಿದ್ದರು. ಕಬ್ಬಿಣ ಕಮ್ಮಿ ಎಂದರೆ ಕಬ್ಬಿಣ ಇಡಬೇಕು, ಅವರ ಲೆಕ್ಕ ಅಷ್ಟು ಸರಳ. ಇದನ್ನು ತಮಾಷೆಯೆಂದು ಕಸ್ತೂರಕ್ಕನಿಗೆ ಹೇಳಿದೆ. ಸೂಜಿ ಚುಚ್ಚಿದ ಕೈ ಅಲುಗುವಷ್ಟು ನಕ್ಕು ನರ್ಸಮ್ಮನಿಂದ ಬೈಸಿಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕುಡಗೋಲು ಇಟ್ರು, ಚೊಲೋ ಆತು. ಇವತ್ತ ಮುಂಜಾನಿ ರೊಟ್ಟಿ ಯಾರು ಬಡದ್ರು?"

ನಾನೇ ಎಂದೆ.

"ಹಂಗಂದ್ರ ನಿಮಗ ಜಡ್ಡಾಗೇತಿ ಅಂತ ನಿಮ್ಮ ಮನಿಯವರು ಇನ್ನೂ ನಂಬಿಲ್ಲ."

ನನಗೆ ಮೈಯೆಲ್ಲ ಉರಿಯಿತು, ಯಾಕೆಂದರೆ ಮಾತು ಖರೆ ಇತ್ತು. ಮೆಟ್ಟಿಲು ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ನಿಂತಲ್ಲೇ ಕಣ್ಣು ಕತ್ತಲೆ ಬರುತ್ತದೆ ಎಂದರೆ ಎಲ್ಲರೂ ಹೌದೌದು ಎಂದು ಹೇಳಿ ಊಟಕ್ಕೆ ಕೂಡುತ್ತಿದ್ದರು. ಅವತ್ತು ಮನೆಗೆ ಹೋದವಳೇ ಇನ್ನು ನನ್ನಿಂದ ಆಗುವುದಿಲ್ಲ ಎಂದು ಹಿಟ್ಟು ನಾದುವ ಕೊಣಮಿಗೆಯ ಮುಂದಿನಿಂದ ಎದ್ದುಬಿಟ್ಟೆ. ಈಗ ಯಜಮಾನರೇ ರೊಟ್ಟಿ ಬಡಿಯುತ್ತಾರೆ. ಅವು ಇವತ್ತಿಗೂ ದುಂಡಗಾಗಿಲ್ಲ. ತಿನ್ನುತ್ತೇವೆ.

ನನ್ನ ಜಡ್ಡನ್ನು ನಮ್ಮ ಮನೆಯಲ್ಲಿ ನಂಬಿಸಿಕೊಟ್ಟ ಕಸ್ತೂರಕ್ಕನ ಜಡ್ಡನ್ನು ಅವಳ ಮನೆಯಲ್ಲಿ ಯಾರೂ ನಂಬಲಿಲ್ಲ. ದಪ್ಪಗಿದ್ದಾಗ ಕೂತರೆ ಮೈಭಾರ ಎಂದರು, ತೆಳ್ಳಗಾದ ಮೇಲೆ ಕೂತರೆ ಮೈಗಳ್ಳಿ ಎಂದರು. ಕಬ್ಬಿಣ ಕಡಿಮೆಯಾದವರಿಗೆ ಹಸಿ ಅಕ್ಕಿ ತಿನ್ನುವ ಆಸೆ ಹುಟ್ಟುತ್ತದಂತೆ. ಅವಳು ಸೆರಗಿನಲ್ಲಿ ಕಟ್ಟಿಕೊಂಡು ತಿನ್ನುತ್ತಿದ್ದಳು. ಅದನ್ನು ನೋಡಿ, ಹೊಟ್ಟೆ ಕೊಯ್ಸಿಕೊಂಡರೂ ತಿನ್ನುವ ಚಟ ಹೋಗಲಿಲ್ಲ ಎಂದು ಮನೆಯವರೆಲ್ಲ ಆಡಿಕೊಂಡರು.

ದವಾಖಾನೆಗೆ ಹೋಗುವ ದಿನ ಇಳಕಲ್ಲಿನಲ್ಲಿ ಬಸ್ಸು ಹತ್ತಿದ ಕಸ್ತೂರಕ್ಕ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ನನಗಾಗಿ ಹಿಡಿದುಕೊಂಡು ಬರುತ್ತಿದ್ದಳು. ನಾನು ಹುನಗುಂದದಲ್ಲಿ ಹತ್ತುತ್ತಿದ್ದೆ. ಒಮ್ಮೆ, ನೀನು ಆಪರೇಷನ್ ಯಾಕೆ ಮಾಡಿಸಿಕೊಂಡೆ ಎಂದು ಕೇಳಿದೆ.

"ಮೊಣಕಾಲು, ಸಕ್ಕರಿ, ಅವೆಲ್ಲಾ ಖರೆ ಅಕ್ಕೋರ. ಆದ್ರ ಒಂದು ಮದುವಿ ಮನ್ಯಾಗ ನಮ್ಮ ಮೈದುನ ಎಲ್ಲಾರ ಮುಂದ ಅಂದ, ನಮ್ಮ ವೈನಿ ಸತ್ರ ಹೊರಾಕ ಎಂಟು ಮಂದಿ ಬೇಕು ಅಂತ. ಎಲ್ಲಾರೂ ನಕ್ರು. ನಾನೂ ನಕ್ಕೆ."

ಅವಳು ಸಿಟ್ಟಿಲ್ಲದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳ ಪಾಲಿನ ಸಿಟ್ಟೂ ನನಗೇ ಬಂತು.

ಮುಂದಿನ ಸಲ ನಾನು ಬಸ್ಸು ಹತ್ತಿದಾಗ ಅವಳಿರಲಿಲ್ಲ. ಫೋನು ಮಾಡಿದರೆ ಅವಳ ಮೈದುನ ಎತ್ತಿದ. ವೈನಿ ಆರಾಮವಾಗಿದ್ದಾರೆ, ಅವರಿಗೆ ಸೂಜಿಯ ಚಟ ಹತ್ತಿತ್ತು, ಬಿಡಿಸಿದ್ದೇವೆ ಎಂದ. ಬಿಡಿಸಿದ್ದೇವಂತೆ, ಸೆರೆ ಕುಡಿಯುವುದನ್ನು ಬಿಡಿಸಿದ ಹಾಗೆ. ರವಿವಾರ ಇಳಕಲ್ಲಿಗೇ ಹೋದೆ. ಮದುವೆಯ ಜವಳಿಗೆ ಬಂದವರ ಮುಂದೆ ಕಸ್ತೂರಕ್ಕ ಸೀರೆಗಳನ್ನು ಬಿಚ್ಚಿ ಹಾಸುತ್ತಿದ್ದಳು. ತುಟಿಗಳು ಬಿಳಿಚಿಕೊಂಡಿದ್ದವು. ಒಂದು ಸೀರೆ ಬಿಚ್ಚುವುದು, ಉಸಿರಿಗಾಗಿ ನಿಲ್ಲುವುದು, ಮತ್ತೊಂದು ಬಿಚ್ಚುವುದು. ಇದು ಹುಡುಗಾಟವಲ್ಲ, ಜೀವಕ್ಕೆ ಕುತ್ತು ಬರುತ್ತದೆ ಎಂದು ಮೈದುನನ ಮೇಲೆ ರೇಗಿದೆ. ಅವನು ನನಗೆ ಚಹಾ ತರಿಸಿದ. ನೋಡಿರಿ, ನಮ್ಮ ವೈನಿ ಈಗ ಎಷ್ಟು ಚೆಂದ ಆಗಿದ್ದಾರೆ ಎಂದ.

ಈಗಲೇ ನನ್ನ ಜೊತೆ ಬಸ್ಸು ಹತ್ತು ಎಂದು ಕಸ್ತೂರಕ್ಕನ ಕೈ ಹಿಡಿದೆ. ಕೈ ತಣ್ಣಗಿತ್ತು.

"ಲಗ್ನದ ಸೀಸನ್ ಮುಗೀಲಿ ಅಕ್ಕೋರ, ಬರ್ತೇನಿ. ಈ ಸಲ ನನಗ ನೀವ ಸೀಟು ಹಿಡೀರಿ," ಅಂದಳು. ಆ ದನಿಯಲ್ಲಿ ಜಗಳವೇ ಇರಲಿಲ್ಲ. ಕೊನೆಗೂ ಅವಳ ಸೊಕ್ಕು ಇಳಿಸಿಬಿಟ್ಟಿದ್ದರು.

ಸೀಸನ್ ಮುಗಿಯುವ ಮೊದಲೇ ಅವಳು ಅಂಗಡಿಯಲ್ಲಿ ಬಿದ್ದಳು. ರಕ್ತ ಪೂರಾ ಇಳಿದು ಹೃದಯ ಸೋತಿತ್ತು, ದವಾಖಾನೆಗೆ ತಂದದ್ದು ತಡವಾಯಿತು ಎಂದರಂತೆ ಡಾಕ್ಟರು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮೈದುನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದ. ಆ ಅಳು ಸುಳ್ಳಾಗಿರಲಿಲ್ಲ. ನನ್ನನ್ನು ಇವತ್ತಿಗೂ ಸುಡುವುದು ಅದೇ. ನನ್ನನ್ನು ನೋಡಿ, ಹೊತ್ತು ಬಂದ ಹೆಗಲು ಒರೆಸಿಕೊಳ್ಳುತ್ತ ಹೇಳಿದ:

"ಭಾಳ ಹಗುರ ಆಗಿದ್ರು ಅಕ್ಕೋರ ನಮ್ಮ ವೈನಿ. ನಾಲ್ಕ ಮಂದಿ ಸಾಕಾದಿವಿ."

"ಹೊರಾಕ ನಾಲ್ಕ ಮಂದಿ ಬಂದ್ರಿ," ಅಂದೆ, ಓಣಿಗೆಲ್ಲ ಕೇಳುವ ಹಾಗೆ. "ಬಸ್ಸು ಹತ್ತಸಾಕ ಒಬ್ಬರೂ ಬರಲಿಲ್ಲ."

ನಾನು ಬಸ್ ಸ್ಟ್ಯಾಂಡಿನ ಕಡೆ ಹೊರಟೆ. ಅಕ್ಕೋರಿಗೆ ಸೊಕ್ಕು ಭಾಳ ಐತಿ ಎಂದು ಹಿಂದಿನಿಂದ ಯಾರೋ ಅಂದದ್ದು ಕೇಳಿಸಿತು.