ಉಂಡ ಮನೆಗೆ ಬಾಡಿಗೆ

ನಮ್ಮ ಗ್ಯಾರೇಜಿನಲ್ಲಿ ಒಂದು ಹಳೆಯ ಫ್ರಿಜ್ಜಿದೆ. ಎಸೆಯಲು ಮನಸ್ಸಿಲ್ಲ, ಮನೆಯೊಳಗಿಡಲು ಮುಖವಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಒರೆಸುವಾಗ ಮೂರನೆಯ ಖಾನೆಯ ಅಂಚಿಗಿದ್ದ ಟೇಪಿನ ತುಂಡೊಂದು ಬೆರಳಿಗೆ ತಾಗಿತು. ಶಾಯಿ ಮಾಸಿದ್ದರೂ ಹೆಸರು ಓದಬಹುದು: ಗಿರಿಜಾ. ಮಧ್ಯಾಹ್ನ ಟೆಕ್ಸಾಸಿನಿಂದ ಬರಲಿರುವವರೂ ಅದೇ ಗಿರಿಜಾ, ಅವರಿಗಾಗಿಯೇ ಈ ಒರೆಸಾಟ. ಬಟ್ಟೆ ಕೈಯಲ್ಲೇ ಉಳಿಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತೆ. ನೀವೂ ಕೂತುಕೊಳ್ಳಿ.

ಮಿಲ್ಪಿಟಾಸಿನ ಈ ಟೌನ್‌ಹೌಸನ್ನು ನಾವು ಕೊಂಡದ್ದು ಡಾಟ್‌ಕಾಮು ಮೆರೆಯುತ್ತಿದ್ದಾಗ. ನಮ್ಮ ಯಜಮಾನರು ಆಗ ಕಾಗದದ ಮೇಲೆ ಲಕ್ಷಾಧೀಶರು. ಬ್ಯಾಂಕಿನವರು ಮಾತ್ರ ಮನೆಯ ಕಂತಿಗೆ ಆ ಷೇರಿನ ಕಾಗದ ಸಾಕು ಅನ್ನಲಿಲ್ಲ. ಹಾಗಾಗಿ ಮಾಳಿಗೆಯ ಮೂರು ಕೋಣೆಗಳಲ್ಲಿ ಎರಡನ್ನು ಬಾಡಿಗೆಗೆ ಕೊಡುವುದೆಂದು ನಿಶ್ಚಯಿಸಿದೆವು.

ನಿಶ್ಚಯಿಸುವುದು ಸುಲಭ. ನಾನು ಉಡುಪಿಯ ಕಡೆಯವಳು, ಊಟದ ಹೊತ್ತಿಗೆ ಬಂದವರಿಗೆ ಉಣ್ಣಿಸದೆ ಕಳಿಸಿ ಗೊತ್ತಿಲ್ಲ. ಮೊದಲು ಬಂದವನು ಬೆಂಗಳೂರಿನ ಶ್ರೀಧರ. ಕೋಣೆ ತೋರಿಸುವ ಮೊದಲೇ ಬಡಿಸಿದೆ. "ಅಕ್ಕಾ, ನಿಮ್ ಸಾರು ನಮ್ಮಮ್ಮನ ಸಾರಿನ ಥರಾನೇ ಇದೆ" ಅಂದ. ಅಕ್ಕ ಅಂದವನಿಗೆ ಬಾಡಿಗೆ ಎಷ್ಟೆಂದು ಹೇಳುವುದು ಹೇಗೆ? ಇಲ್ಲಿ ನಡೆಯುವ ದರದ ಅರ್ಧ ಹೇಳಿ ತಲೆ ತಗ್ಗಿಸಿದೆ.

"ಎಂತ ಮಾರಾಯ್ತಿ, ನಾವು ಛತ್ರ ಇಟ್ಟದ್ದಾ?" ಎಂದರು ಯಜಮಾನರು. ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ ಎನ್ನುತ್ತಾರಲ್ಲ, ಆ ಕಾಯಿಲೆ ನನಗೆ ಹುಟ್ಟಿನಿಂದಲೇ ಇದೆ.

ಇನ್ನೊಂದು ಕೋಣೆಗೆ ಬಂದವರು ಗಿರಿಜಾ. ಹುಬ್ಬಳ್ಳಿಯವರು, ನನಗಿಂತ ತುಸು ದೊಡ್ಡವರು, ಕೆಲಸಕ್ಕೆಂದು ಒಬ್ಬರೇ ಬಂದವರು. ನಾನು ತಟ್ಟೆ ಇಡುತ್ತಿದ್ದಂತೆ ಕೈ ಅಡ್ಡ ಹಿಡಿದರು.

"ಮೊದ್ಲ ಬಾಡಿಗಿ ಹೇಳ್ರಿ. ಉಂಡ ಮನಿಗೆ ಬಾಡಿಗಿ ಕೊಡಾಕ ಬರೂದಿಲ್ಲ, ಬಾಡಿಗಿ ಕೊಡೂ ಮನ್ಯಾಗ ಪುಕ್ಕಟ ಉಣ್ಣಾಕ ಬರೂದಿಲ್ಲ."

ಬಂದ ದಿನವೇ ಫ್ರಿಜ್ಜಿನ ಖಾನೆಗಳಿಗೆಲ್ಲ ಹೆಸರಿನ ಟೇಪು ಅಂಟಿಸಿದರು. ತಮ್ಮ ರೊಟ್ಟಿ, ತಮ್ಮ ಶೇಂಗಾ ಚಟ್ನಿ ತೆಗೆದುಕೊಂಡು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದರು. ಎಷ್ಟು ಕರೆದರೂ ಮೇಜಿಗೆ ಬರಲಿಲ್ಲ. ಎಂಥ ಜಂಬ ಎಂದು ನನಗೆ ಒಳಗೊಳಗೇ ಸಿಟ್ಟು.

ಆಮೇಲೆ ಡಾಟ್‌ಕಾಮಿನ ಗುಳ್ಳೆ ಒಡೆಯಿತು. ಒಂದು ಮಧ್ಯಾಹ್ನ ಯಜಮಾನರು ಆಫೀಸಿನ ಚಕ್ರದ ಕುರ್ಚಿಯೊಂದನ್ನು ಕಾರಿನಲ್ಲಿ ಹೇರಿಕೊಂಡು ಬಂದರು. ಮುಚ್ಚಿದ ಕಂಪನಿಯಿಂದ ಅವರಿಗೆ ಸಿಕ್ಕ ಕೊನೆಯ ಸಂಬಳ ಅದು. ಶ್ರೀಧರನೂ ಕೆಲಸ ಕಳೆದುಕೊಂಡು ಬೆಂಗಳೂರಿಗೆ ಹೊರಟುಹೋದ. ನಾನು ಐದು ತಿಂಗಳ ಬಸುರಿ. ಕಂತು ತಪ್ಪಿದರೆ ಮನೆ ಹೋಗುತ್ತಿತ್ತು. ನಾನು ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದೆ.

"ಅತ್ರ ಕಂತು ತುಂಬತೈತೇನು?" ಎಂದರು ಗಿರಿಜಾ. "ನಮ್ಮ ಆಫೀಸಿನ ಇಬ್ಬರು ಹುಡುಗ್ಯಾರು ಬರ್ತಾರ. ನಿಮ್ಮ ದೊಡ್ಡ ಕೋಣಿ, ನನ್ನ ಕೋಣಿ, ಎರಡೂ ನಾವ್ ಮೂರು ಮಂದಿ ತಗೋತೀವಿ. ಈ ಊರಾಗ ನಡಿಯೂ ಬಾಡಿಗಿ ಪೂರಾ ಕೊಡ್ತೀವಿ. ನೀವು ಶ್ರೀಧರ ಬಿಟ್ಟ ಸಣ್ಣ ಕೋಣ್ಯಾಗ ಇರ್ರಿ. ಖರೆ, ಯಾರನ್ನೂ ಊಟಕ್ಕ ಕರಿಯಂಗಿಲ್ಲ. ಕರದ್ರ ಮನಿ ಉಳಿಯೂದಿಲ್ಲ."

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಜಮಾನರಷ್ಟು ಅಕ್ಷರಶಃ ಪಾಲಿಸಿದವರಿಲ್ಲ. ಆ ಕೋಣೆಯಲ್ಲಿ ಅವರು ಕಾಲು ಚಾಚಿದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಮನೆಯ ಒಡೆಯರು ತಮ್ಮದೇ ಮನೆಯಲ್ಲಿ ಸ್ನಾನಕ್ಕೆ ಸರದಿ ಕಾದರು. ನನಗೆ ಅದೆಲ್ಲ ಕಷ್ಟವಾಗಲಿಲ್ಲ. ಸಾರು ಕುದಿಸಿ, ಎದುರಿಗಿದ್ದವರನ್ನು ಕರೆಯದೆ ಉಂಡದ್ದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೆರಿಗೆಯಾಗಿ ಮನೆಗೆ ಬಂದಾಗ ನಮ್ಮ ಖಾನೆಯಲ್ಲಿ ಒಂದು ಡಬ್ಬಿ ಅಂಟಿನುಂಡೆ. ಮೇಲೆ ಟೇಪು: ಬಾಣಂತಿಗೆ. "ನಾನು ಮಾತ್ರ ನಿಮ್ಮದು ತಿನ್ನಬಹುದಾ?" ಎಂದು ಚುಚ್ಚಿದೆ.

"ನೀವೇನ್ ನನಗ ಬಾಡಿಗಿ ಕೊಡ್ತೀರೇನು? ತಿನ್ರಿ ಸುಮ್ನ."

ಮುಂದೆ ಯಜಮಾನರಿಗೆ ಕೆಲಸ ಸಿಕ್ಕಿತು, ಮನೆ ಉಳಿಯಿತು. ಗಿರಿಜಾ ಟೆಕ್ಸಾಸಿಗೆ ಹೋದರು. ಹೋಗುವ ದಿನವೂ ಒಂದು ತುತ್ತು ಉಣ್ಣಲಿಲ್ಲ. ನಾವು ದೊಡ್ಡ ಕೋಣೆಗೆ ಮರಳಿದೆವು. ಯಜಮಾನರ ಕಾಲಿಗೆ ಅಷ್ಟೊಂದು ಜಾಗ ಒಗ್ಗಲು ತಿಂಗಳೇ ಬೇಕಾಯಿತು.

ಇಷ್ಟು ನಿಮಗೆ ಹೇಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಬಾಗಿಲ ಗಂಟೆ ಸದ್ದಾಯಿತು. ಗಿರಿಜಾ ಅವರ ತಲೆ ಪೂರ್ತಿ ಬೆಳ್ಳಗಾಗಿದೆ, ದನಿ ಮಾತ್ರ ಹಾಗೇ ಇದೆ. ಸಾರು ಒಲೆಯ ಮೇಲಿತ್ತು. ಹಳೆಯ ಕರಾರು ನೆನಪಾಗಿ ಕರೆಯಲು ಬಾಯಿ ಬರಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ನಿಂತೆ. ಗಿರಿಜಾ ಕೈ ತೊಳೆದು ನೆಟ್ಟಗೆ ಮೇಜಿಗೆ ಬಂದು ಕೂತರು.

"ಹಂಗ್ಯಾಕ ನೋಡ್ತೀರಿ? ನಾ ಈಗ ಬಾಡಿಗ್ಯಾಕಿ ಅಲ್ಲಲ್ರೀ. ಬಡಸ್ರಿ."

ಬಡಿಸಿದೆ. ಅವಸರಕ್ಕೆ ಸಾರು ತಟ್ಟೆಯ ಆಚೆಗೂ ಬಿತ್ತು. ಅವರು ಒಂದು ತುತ್ತು ಉಂಡು ಕಣ್ಣು ಮುಚ್ಚಿದರು.

"ಮೂರು ವರ್ಷ ಇದರ ಬರೇ ವಾಸನಿ ತಗೊಂಡು ರೊಟ್ಟಿ ತಿಂದೀನ್ರಿ ನಾ."

ಇನ್ನೊಂದು ಸೌಟು ಹಾಕಿದೆ.