ಬಿಚ್ಚಲಾಗದ ದೀಪ

ತುಮಕೂರಿನ ಹೊರವಲಯದಲ್ಲಿ ಚಾರ್ಜಿಂಗ್ ದೀಪ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಹೊಸ ದೀಪದ ವಿನ್ಯಾಸ ನಡೆಯುವಾಗಲೇ ಅದು ಎಷ್ಟು ಕಾಲ ಬಾಳುತ್ತದೆ, ಕೆಟ್ಟರೆ ರಿಪೇರಿಯಾಗುತ್ತದೆಯೇ, ಕೊನೆಗೆ ಅದರ ಪ್ಲಾಸ್ಟಿಕ್ಕು, ಬ್ಯಾಟರಿ ಎಲ್ಲಿಗೆ ಹೋಗಿ ಬೀಳುತ್ತವೆ ಎಂದು ನೋಡಿ ವರದಿ ಬರೆಯಬೇಕು. ಸೇರಿದಾಗ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ ಅನ್ನಿಸಿತ್ತು.

ವಿನ್ಯಾಸ ಮಾಡುತ್ತಿದ್ದವನು ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಸಹೋದ್ಯೋಗಿ. ನಾವಿಬ್ಬರೂ ಸೇರಿ, ಹಿಂದಿನ ಮುಚ್ಚಳಕ್ಕೆ ಸ್ಕ್ರೂ ಹಾಕಿ, ಬ್ಯಾಟರಿಯನ್ನು ಯಾರು ಬೇಕಾದರೂ ಬದಲಿಸುವಂಥ ಮಾದರಿಯೊಂದನ್ನು ಮಾಡಿದೆವು. ಅವನು ಅದನ್ನು ಗುಬ್ಬಿ ಸಂತೆಗೆ ಒಯ್ದು ಕೊಬ್ಬರಿ ವ್ಯಾಪಾರದವರ ಕೈಗೆ ಕೊಟ್ಟ. ಕೆಳಗೆ ಬಿದ್ದು ಮೂಲೆ ಒಡೆಯಿತು; ಮೂಲೆ ದಪ್ಪ ಮಾಡಿದೆವು. ಮಳೆಗಾಲ ಮುಗಿದರೂ ದೀಪ ಉರಿಯುತ್ತಲೇ ಇತ್ತು.

ಒಪ್ಪಿಗೆಗೆಂದು ಕರೆದ ಮೀಟಿಂಗಿನಲ್ಲಿ ಮ್ಯಾನೇಜರು ಮಾದರಿಯನ್ನು ತಿರುಗಿಸಿ ನೋಡಿದರು.

"ಸ್ಕ್ರೂ ಕಾಣಿಸ್ತಾವಲ್ರೀ, ಹಳೇ ರೇಡಿಯೋ ಥರ ಇದೆ. ಗಮ್ ಹಾಕಿ ಸೀಲ್ ಮಾಡೋ ಡಿಸೈನಿಗೆ ಹೋದ ವಾರಾನೇ ಮೋಲ್ಡ್ ಆರ್ಡರ್ ಕೊಟ್ಟಾಯ್ತು."

"ಹಂಗಾದ್ರೆ ನನ್ನ ವರದಿ ಯಾಕೆ ಕೇಳಿದ್ರಿ ಸಾರ್?"

"ಫೈಲಲ್ಲಿ ಇರ್ಬೇಕಲ್ಲಮ್ಮ."

ಗುಬ್ಬಿಯವನು ಮಾದರಿಯನ್ನು ಚೀಲಕ್ಕೆ ಹಾಕಿಕೊಂಡ. ಸ್ಟೇಷನ್ನಿಗೆ ನಡೆಯುವಾಗ, "ಬುಡಿ ಮೇಡಂ, ಇವ್ರಿಗೆ ಬೇಗ ಕೆಡೋದೇ ಬೇಕು" ಅಂದ. ಯುಗಾದಿಗೆ ಮೊದಲೇ ಕೆಲಸ ಬಿಟ್ಟ. ಈಗ ಕುಣಿಗಲ್ಲಿನಲ್ಲಿ ಪಾಠ ಹೇಳಿಕೊಂಡಿದ್ದಾನೆ. ಫೋನಿನಲ್ಲಿ ಮನೆ, ಮಕ್ಕಳ ವಿಷಯ ಮಾತಾಡುತ್ತಾನೆ, ದೀಪದ ಸುದ್ದಿ ಎತ್ತುವುದಿಲ್ಲ.

ಅಂಟು ಹಾಕಿದ ದೀಪ ಚೆನ್ನಾಗಿ ಮಾರಾಟವಾಯಿತು. ಹುತ್ರಿದುರ್ಗದಲ್ಲಿರುವ ನಮ್ಮಕ್ಕನೂ ಕೊಂಡಿದ್ದಳು. ಹೋದ ತಿಂಗಳು ಅವಳ ಮನೆಗೆ ಹೋದಾಗ ಕೆಟ್ಟ ದೀಪವನ್ನು ತಂದು ನನ್ನ ಮಡಿಲಲ್ಲಿಟ್ಟಳು.

"ನಿಮ್ ಕಂಪ್ನೀದೇ ಕಣೇ. ಒಂದು ಬ್ಯಾಟ್ರಿ ಹಾಕ್ಕೊಡು."

"ಬಿಚ್ಚಕ್ಕಾಗಲ್ಲ ಕಣಕ್ಕ. ಬಿಚ್ಚಿದ್ರೆ ಒಡೆದೋಗುತ್ತೆ."

"ಮತ್ತೆ ಇದನ್ನೇನ್ ಮಾಡ್ಲಿ?"

ಕೊಡು, ತುಮಕೂರಿಗೆ ಒಯ್ದು ಗುಜರಿಗೆ ಹಾಕುತ್ತೇನೆ ಎನ್ನಬಹುದಿತ್ತು. ಆದರೆ ಗುಜರಿಯವರು ಇಂಥವನ್ನು ಸುತ್ತಿಗೆಯಲ್ಲಿ ಒಡೆದು, ತಾಮ್ರ ಆರಿಸಿಕೊಂಡು, ಉಳಿದದ್ದಕ್ಕೆ ಬೆಂಕಿ ಹಚ್ಚುವುದನ್ನು ಕಣ್ಣಾರೆ ನೋಡಿದ್ದೇನೆ. "ಇರ್ಲಿ, ಇಟ್ಟಿರು" ಅಂದೆ. ಅಕ್ಕ ಅದನ್ನು ಕೊಟ್ಟಿಗೆಯ ಗೂಡಿನಲ್ಲಿಟ್ಟಳು. ಕೆಟ್ಟ ಟಾರ್ಚು, ಉಬ್ಬಿದ ಮೊಬೈಲು ಆಗಲೇ ಅಲ್ಲಿದ್ದವು.

ಬಸ್ಸಿನಲ್ಲಿ ಬರುವಾಗ ಕೆಲಸ ಬಿಡಬೇಕೆಂದುಕೊಂಡೆ. ಇನ್ನೂ ಬಿಟ್ಟಿಲ್ಲ. ಕಂಪನಿಯಲ್ಲಿ ಈಗ ಹೊಸ ಟೇಬಲ್ ಫ್ಯಾನಿನ ವಿನ್ಯಾಸ ನಡೆದಿದೆ. ಯಾರೂ ಓದುವುದಿಲ್ಲವೆಂದು ಗೊತ್ತಿದ್ದರೂ ಅದರ ವರದಿಯನ್ನು ತಪ್ಪಿಲ್ಲದಂತೆ ಬರೆಯುತ್ತಿದ್ದೇನೆ.